ಹೆಗಲ ಮೇಲೆ ಬಂದ ಕರೆಂಟು

ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದಕ್ಕೂ ಮೊದಲೇ, 1948ರಿಂದ, ಜೋಗದ ಬುಡದಲ್ಲಿ ಈಗ ಮಹಾತ್ಮ ಗಾಂಧಿ ಎಂಬ ಹೆಸರಿರುವ ವಿದ್ಯುದಾಗಾರ ನಡೆಯುತ್ತಿತ್ತು. ಶರಾವತಿಯ ಕರೆಂಟು ದೊಡ್ಡ ತಂತಿ ಹಿಡಿದು ದೂರದ ಊರುಗಳಿಗೆ ಹೋಯಿತು. ಹಿನ್ನೀರಿನ ಆಚೆ ಉಳಿದ ತುಮರಿ ಕಡೆಯ ಎಷ್ಟೋ ಮನೆಗಳಲ್ಲಿ ಮಾತ್ರ ಬಹುಕಾಲ ಚಿಮಣಿ ಬುಡ್ಡಿಯೇ ಉರಿಯಿತು. ತಂತಿಗಿಂತ ಮುಂಚೆ ಆ ಮನೆಗಳಿಗೆ ಕರೆಂಟು ಬಂದದ್ದು ಲಾಂಚಿನಲ್ಲಿ, ಗೋಣಿಚೀಲ ಸುತ್ತಿದ ಬ್ಯಾಟರಿಯೊಳಗೆ.

ಆ ಬ್ಯಾಟರಿಗಳಲ್ಲಿ ಹಲವು ಸಾಗರ ಪೇಟೆಯ ನಮ್ಮ ಅಂಗಡಿಯಲ್ಲೇ ತುಂಬಿದವು. ಅಪ್ಪಯ್ಯ ಬ್ಯಾಟರಿ ಚಾರ್ಜಿಂಗ್ ಅಂಗಡಿ ಇಟ್ಟಿದ್ದರು. ತಾಲ್ಲೂಕು ಕೇಂದ್ರಗಳ ಬಸ್‌ ಸ್ಟ್ಯಾಂಡಿನ ಆಸುಪಾಸು ಇಂಥ ಅಂಗಡಿ ಒಂದಾದರೂ ಇರುತ್ತಿತ್ತು, ಆದರೆ ಈ ಕಸುಬಿನ ಬಗ್ಗೆ ಬರೆದವರು ಕಡಿಮೆ. ಈಗ ಅದೇ ಮೇಜಿನ ಮೇಲೆ ನಾನು ಪವರ್ ಬ್ಯಾಂಕ್ ಕಟ್ಟುತ್ತೇನೆ. ಮನೆಯಲ್ಲೇ ಪವರ್ ಬ್ಯಾಂಕ್ ಮಾಡುವುದು ಮೊಬೈಲ್ ಕಾಲದ ಹೊಸ ಹುಚ್ಚು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಕರೆಂಟನ್ನು ಒಂದು ಕಡೆ ತುಂಬಿಸಿ ಇನ್ನೊಂದು ಕಡೆ ಹೊತ್ತು ಒಯ್ಯುವ ಕೆಲಸ ನಮ್ಮಲ್ಲಿ ಹಳೆಯದು. ಬ್ಯಾಟರಿ ಬಹುಕಾಲ ಬಾಳುವಂತೆ ಮಾಡುವ ವಿದ್ಯೆಯೂ ಆ ಅಂಗಡಿಗಳಲ್ಲೇ ಇತ್ತು.

ಈ ಕಸುಬಿಗೆ ರೇಡಿಯೊದಿಂದಲೂ ಗಿರಾಕಿ ಸಿಕ್ಕಿದ್ದುಂಟು. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಆಕಾಶವಾಣಿ ಶುರು ಮಾಡಿದಾಗ ಕರೆಂಟಿಲ್ಲದ ಊರಿನಲ್ಲಿ ವಾಲ್ವ್ ರೇಡಿಯೊ ಕೇಳಬೇಕೆಂದರೆ ಬ್ಯಾಟರಿ ಬೇಕೇ ಬೇಕಿತ್ತು. ಟ್ರಾನ್ಸಿಸ್ಟರ್ ಬಂದಮೇಲೆ ಟಾರ್ಚಿನ ಶೆಲ್ಲೇ ಸಾಕಾಯಿತು. ಅಂಗಡಿಗೆ ಲಾರಿ, ಬಸ್ಸು, ಟ್ರ್ಯಾಕ್ಟರಿನ ಬ್ಯಾಟರಿಗಳಷ್ಟೇ ಉಳಿದವು.

ಮತ್ತೆ ಜನ ಬಂದದ್ದು ಟಿ.ವಿ.ಯಿಂದ. 1987ರ ಜನವರಿಯಲ್ಲಿ ದೂರದರ್ಶನದಲ್ಲಿ ರಾಮಾಯಣ ಶುರುವಾಯಿತು, ಮರುವರ್ಷ ಜುಲೈವರೆಗೆ ಪ್ರತಿ ಭಾನುವಾರ ಬೆಳಿಗ್ಗೆ. ಚಿಕ್ಕ ಕಪ್ಪು ಬಿಳುಪು ಟಿ.ವಿ.ಗಳಿಗೆ ಹಿಂಬದಿಯಲ್ಲಿ 12 ವೋಲ್ಟ್ ಬ್ಯಾಟರಿ ಸಿಕ್ಕಿಸುವ ಜಾಗ ಇರುತ್ತಿತ್ತು. ದಿಬ್ಬದ ಮೇಲಿನ ಮನೆಯವರು ಅಡಿಕೆ ಮರದ ತುದಿಗೆ ಆಂಟೆನಾ ಕಟ್ಟಿದರು, ಬೂಸ್ಟರ್ ಹಾಕಿದರು. ಶುಕ್ರವಾರ ಬ್ಯಾಟರಿ ಅಂಗಡಿಗೆ ಬರುತ್ತಿತ್ತು, ಶನಿವಾರ ಸಂಜೆ ವಾಪಸು ಹೋಗುತ್ತಿತ್ತು. 60 ಆಂಪಿಯರ್ ಅವರ್‌ನ ಬ್ಯಾಟರಿ ಹದಿನೈದು ಕಿಲೋಗೂ ಮೇಲೆ ತೂಗುತ್ತದೆ. ಅದನ್ನು ಹೊತ್ತು ಗದ್ದೆಯ ಬದು ದಾಟಿ, ಬಸ್ಸಿನ ಟಾಪಿಗೆ ಏರಿಸಿ ತರುತ್ತಿದ್ದರು. ಟಿ.ವಿ. 30 ವಾಟ್ ಎಳೆದರೆ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸದೆಯೇ ಹನ್ನೆರಡು ತಾಸು ನೋಡಬಹುದಿತ್ತು. ಕೆಲವರು ಪೂರ್ತಿ ಬಸಿದೇ ತರುತ್ತಿದ್ದರು. ಅಪ್ಪಯ್ಯನಿಗೆ ಸಿಟ್ಟು ಬರುತ್ತಿದ್ದುದು ಆಗಲೇ. "ಇದಕ್ಕೆ ನೀರು ಕಾಣಿಸಿದ್ದು ಯಾವಾಗ ಮಾರಾಯಾ?" ಎಂದು ಗದರುತ್ತಲೇ ಡಿಸ್ಟಿಲ್ಡ್ ವಾಟರಿನ ಬಾಟಲಿ ಎತ್ತಿಕೊಳ್ಳುತ್ತಿದ್ದರು.

ಹೈಡ್ರೋಮೀಟರ್ ನೋಡದವರಿಗಾಗಿ ಹೇಳುತ್ತೇನೆ. ದಪ್ಪ ಗಾಜಿನ ನಳಿಗೆ, ಮೇಲೆ ರಬ್ಬರಿನ ಗುಂಡು, ಒಳಗೆ ತೇಲುವ ಸಣ್ಣ ಗಾಜಿನ ಕಡ್ಡಿ. ಬ್ಯಾಟರಿಯ ಆರು ಮುಚ್ಚಳ ತಿರುಗಿಸಿ ತೆಗೆದು, ಒಂದೊಂದು ಕೋಣೆಯಿಂದಲೂ ಆಸಿಡ್ ಹೀರಿ, ನಳಿಗೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿಯಬೇಕು. ತುಂಬಿದ ಕೋಣೆಯಲ್ಲಿ ಕಡ್ಡಿ 1250ರ ಹತ್ತಿರ ತೇಲುತ್ತದೆ, ಬಸಿದದ್ದರಲ್ಲಿ 1150ಕ್ಕೆ ಮುಳುಗುತ್ತದೆ. ಐದು ಕೋಣೆ ಸರಿಯಿದ್ದು ಒಂದರಲ್ಲಿ ಮಾತ್ರ ಕಡ್ಡಿ ತಳ ಹಿಡಿದರೆ ಸೆಲ್ ಕೂತಿದೆ ಎಂದರ್ಥ. ಆ ಒಂದು ಕೋಣೆ ಉಳಿದ ಐದನ್ನೂ ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಬಸಿದ ಬ್ಯಾಟರಿಯನ್ನು ಹಾಗೇ ಇಟ್ಟರೆ ಪ್ಲೇಟಿನ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗುತ್ತದೆ, ಮತ್ತೆ ಎಷ್ಟು ಚಾರ್ಜ್ ಕೊಟ್ಟರೂ ಕರಗುವುದಿಲ್ಲ. ಅದಕ್ಕೇ ಅಪ್ಪಯ್ಯ ಸಾಮರ್ಥ್ಯದ ಹತ್ತರಲ್ಲೊಂದು ಪಾಲು ಕರೆಂಟಿನಲ್ಲಿ, ಅಂದರೆ 60ರ ಬ್ಯಾಟರಿಗೆ 6 ಆಂಪಿಯರಿನಲ್ಲಿ, ರಾತ್ರಿಯಿಡೀ ತುಂಬಿಸುತ್ತಿದ್ದರು. ಅವಸರ ಮಾಡಿದವರಿಗೆ ಬೇರೆ ಅಂಗಡಿ ತೋರಿಸುತ್ತಿದ್ದರು. ಚಾರ್ಜ್ ಆಗುವಾಗ ಹೈಡ್ರೋಜನ್ ಏಳುತ್ತದೆ, ಆದ್ದರಿಂದ ಜಡಿಮಳೆಯಲ್ಲೂ ಕಿಟಕಿ ತೆರೆದಿರಬೇಕು, ಬೀಡಿ ಹಚ್ಚುವವರು ರಸ್ತೆಗೆ ಹೋಗಬೇಕು. ಅಪ್ಪಯ್ಯನ ಪಂಚೆಗಳಲ್ಲಿ ಆಸಿಡ್ ತೂತು ಇಲ್ಲದ್ದು ಹಬ್ಬಕ್ಕೆ ಉಡುವುದೊಂದೇ.

ಈ ಸೀಸದ ಬ್ಯಾಟರಿಯನ್ನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಕಂಡುಹಿಡಿದದ್ದು 1859ರಲ್ಲಿ. ಕರೆಂಟು ಖಾಲಿಯಾದರೆ ಮತ್ತೆ ತುಂಬಿಸಬಹುದಾದ ಮೊದಲ ಬ್ಯಾಟರಿ ಅದು. ಸೋನಿ ಕಂಪನಿ ಲಿಥಿಯಂ ಅಯಾನ್ ಸೆಲ್ಲನ್ನು ಮಾರುಕಟ್ಟೆಗೆ ತಂದದ್ದು 1991ರಲ್ಲಿ. ನಡುವಿನ ನೂರಮೂವತ್ತು ವರ್ಷ ಭಾರದ ಕೆಲಸಕ್ಕೆಲ್ಲ ಹೆಚ್ಚುಕಡಿಮೆ ಸೀಸವೇ ಗತಿ.

ಹಳ್ಳಿಗಳಿಗೆ ತಂತಿ ಬಂತು, ಸೋಲಾರ್ ಬಂತು, ಅಂಗಡಿ ಸೊರಗಿತು. ಆದರೆ ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟು ಹೋಗುವುದು ನಿಂತಿಲ್ಲ. ಬುಡ್ಡಿ ಹಚ್ಚಿಕೊಂಡು ಕಾಯಬಹುದಿತ್ತು. ಮೊಬೈಲ್ ಸತ್ತರೆ ಆಸ್ಪತ್ರೆಗೆ ಜೀಪು ಕರೆಯಲೂ ಆಗುವುದಿಲ್ಲ. ಹೀಗೆ ನನ್ನ ಕೆಲಸ ಶುರುವಾಯಿತು.

ಮೊದಮೊದಲು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹಳೆ ಲ್ಯಾಪ್‌ಟಾಪ್ ಬ್ಯಾಟರಿ ತರಿಸುತ್ತಿದ್ದೆ. ಬಿಚ್ಚಿದರೆ ಒಳಗೆ 18650 ಸೆಲ್ಲುಗಳು: 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಹೆಸರೇ ಅಳತೆ. ಲ್ಯಾಪ್‌ಟಾಪು ಬ್ಯಾಟರಿ ಸತ್ತಿದೆ ಎಂದರೂ ಎಷ್ಟೋ ಸಲ ಸತ್ತಿರುವುದು ಒಂದೆರಡು ಸೆಲ್ ಮಾತ್ರ. 2 ವೋಲ್ಟಿಗಿಂತ ಕೆಳಗಿಳಿದದ್ದನ್ನು ಅಲ್ಲೇ ಬದಿಗಿಡಬೇಕು. ಉಳಿದವನ್ನು 4.2 ವೋಲ್ಟ್‌ವರೆಗೆ ತುಂಬಿಸಿ ಕೆಲವು ವಾರ ಸುಮ್ಮನೆ ಬಿಟ್ಟು, ತಾನಾಗಿ ಇಳಿಯುವುದನ್ನು ತೆಗೆಯಬೇಕು. ಆಮೇಲೆ ಒಂದೊಂದರ ಸಾಮರ್ಥ್ಯ ಅಳೆದು ಸರಿಜೋಡಿ ಹೊಂದಿಸಬೇಕು. ಹೈಡ್ರೋಮೀಟರ್ ಹೋಗಿ ಮೀಟರ್ ಬಂದಿದೆ, ಹುಡುಕುವುದು ಅದೇ ಕೂತ ಸೆಲ್ಲನ್ನು.

ಈಗ ಹಳೆ ಸೆಲ್ ಬಿಟ್ಟು ಲಿಥಿಯಂ ಐರನ್ ಫಾಸ್ಫೇಟ್ ಹಾಕುತ್ತೇನೆ, ಹೊಸದನ್ನೇ ಕೊಂಡು. ಬೆಲೆ ಹೆಚ್ಚು, ತೂಕವೂ ತುಸು ಹೆಚ್ಚು. ಆದರೆ ಬಿಸಿಗೆ ಬೇಗ ಕೆರಳುವುದಿಲ್ಲ, ಎರಡು ಸಾವಿರ ಸಲ ತುಂಬಿ ಬಸಿದರೂ ತಡೆದುಕೊಳ್ಳುತ್ತದೆ. ಬಾಳಿಕೆ ಬೇಕೆನ್ನುವವರಿಗೆ ನಾನು ಬೇರೆ ಹೇಳುವುದಿಲ್ಲ. 32 ಮಿಲಿಮೀಟರ್ ದಪ್ಪದ, 6 ಆಂಪಿಯರ್ ಅವರ್‌ನ ಹನ್ನೆರಡು ಸೆಲ್: ಮೂರು ಮೂರನ್ನು ಪಕ್ಕಪಕ್ಕ ಕೂಡಿಸಿ, ಅಂಥ ನಾಲ್ಕು ಗುಂಪುಗಳನ್ನು ಸಾಲಾಗಿ ಜೋಡಿಸುತ್ತೇನೆ. ನಿಕ್ಕಲ್ ಪಟ್ಟಿಯನ್ನು ಸ್ಪಾಟ್ ವೆಲ್ಡ್ ಮಾಡಬೇಕು. ಬೆಸುಗೆ ಕಡ್ಡಿ ಇಟ್ಟು ಕಾಯಿಸಿದರೆ ಸೆಲ್ಲಿನ ಒಳಗಿನ ಸೀಲು ಹಾಳಾಗುತ್ತದೆ. ಮೇಲೆ ಬಿ.ಎಂ.ಎಸ್. ಬೋರ್ಡು. ಅತಿಯಾಗಿ ತುಂಬದಂತೆ, ಅತಿಯಾಗಿ ಬಸಿಯದಂತೆ, ಶಾರ್ಟ್ ಆದರೆ ಕಡಿಯುವಂತೆ ಅದು ಕಾಯುತ್ತದೆ. ಅದಿಲ್ಲದೆ ಯಾರಿಗೂ ಡಬ್ಬ ಕೊಡುವುದಿಲ್ಲ, ನೆಂಟರಿಗೂ ಕೊಡುವುದಿಲ್ಲ. ಇದೆಲ್ಲ ಸೇರಿ ಸುಮಾರು 230 ವಾಟ್ ಅವರ್. ಈಗಿನ ಮೊಬೈಲನ್ನು ಹತ್ತು ಸಲದಷ್ಟು ತುಂಬಿಸಬಹುದು, ಸೆಲ್ಲುಗಳ ತೂಕ ಎರಡು ಕಿಲೋ ಒಳಗೆ.

ಒಂದು ಸೆಲ್ 3.2 ವೋಲ್ಟ್, ನಾಲ್ಕು ಸಾಲಾಗಿ ನಿಂತರೆ 12.8. ಹಳೆಯ ಸೀಸದ ಬ್ಯಾಟರಿಯ ವೋಲ್ಟೇಜಿಗೆ ಇದು ಎಷ್ಟು ಹತ್ತಿರವೆಂದರೆ, ಹಿನ್ನೀರಿನ ಕಡೆಯವರು ಸೋಲಾರ್ ಕಾಲದ ತಮ್ಮ 12 ವೋಲ್ಟ್ ದೀಪ, ಫ್ಯಾನುಗಳನ್ನು ಏನೂ ಬದಲಿಸದೆ ಈ ಡಬ್ಬಕ್ಕೇ ಸಿಕ್ಕಿಸುತ್ತಾರೆ. ಮಳೆಗಾಲ ಮುಗಿದಮೇಲೆ ಅರ್ಧ ತುಂಬಿಸಿ, ಬಿಸಿಲು ಬೀಳದ ಕಡೆ ಇಡಿ ಎಂದು ಹೇಳಿ ಕಳಿಸುತ್ತೇನೆ. ಡಬ್ಬದ ಮೇಲೆ ಕಟ್ಟಿದ ತಿಂಗಳು, ಅಳೆದ ಸಾಮರ್ಥ್ಯ ಎರಡನ್ನೂ ಬರೆದಿರುತ್ತೇನೆ. ವರ್ಷಕ್ಕೊಮ್ಮೆ ತಂದು ತೋರಿಸಿದರೆ ಮತ್ತೆ ಅಳೆದು, ಪಕ್ಕದಲ್ಲಿ ಹೊಸ ಅಂಕಿ ಬರೆಯುತ್ತೇನೆ. ಅದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.