ಗಾಯಗೊಂಡ ಕಾಡುಜೀವಿಗೆ ನೆರವು: ನೀರು ಕುಡಿಸುವ ಮುನ್ನ

ಆಷಾಢದ ಗಾಳಿಯಲ್ಲಿ ಹಾರಿಸಿದ ಪಟಗಳ ಮಾಂಜಾ ದಾರ ಮರ, ತಂತಿಗಳಲ್ಲಿ ತಿಂಗಳುಗಟ್ಟಲೆ ಸಿಕ್ಕಿಕೊಂಡಿರುತ್ತದೆ. ನೈಲಾನ್ ಮತ್ತು ಗಾಜಿನ ಪುಡಿ ಸವರಿದ ದಾರವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿಯೇ ನಿಷೇಧಿಸಿದೆ. ಆದರೂ ಹದ್ದು, ಗೂಬೆ, ಬಾವಲಿಗಳು ರೆಕ್ಕೆ ಕೊಯ್ದುಕೊಂಡು ಬೀಳುವುದು ನಿಂತಿಲ್ಲ.

ಹೀಗೆ ಬಿದ್ದ ಹಕ್ಕಿಯನ್ನು ಕಂಡೊಡನೆ ಅನೇಕರು ಕರುಣೆಯಿಂದ ಅದರ ಬಾಯಿಗೆ ನೀರು ಬಿಡುತ್ತಾರೆ, ಇಲ್ಲವೇ ಹಾಲು ಹಾಕುತ್ತಾರೆ. ಗಾಯದಿಂದ ಉಳಿದ ಜೀವ ಇದರಿಂದಲೇ ಹೋಗಬಹುದು. ಹಕ್ಕಿಯ ಶ್ವಾಸನಾಳದ ಬಾಯಿ ನಾಲಿಗೆಯ ಹಿಂದೆಯೇ ಇದ್ದು, ಸುರಿದ ನೀರು ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಹಾಲು ಹಕ್ಕಿಗೆ ಜೀರ್ಣವಾಗುವುದೂ ಇಲ್ಲ. ಹದ್ದು ಮಾಂಸಾಹಾರಿ, ನಮ್ಮ ಮನೆಯಲ್ಲಿ ಅದಕ್ಕೆ ಏನು ಕೊಡುವುದು ಎಂಬ ಸಂಕೋಚವೂ ಬೇಕಿಲ್ಲ. ಆಹಾರ ವೈದ್ಯರಿಗೆ ಬಿಟ್ಟ ವಿಷಯ. ಅಲ್ಲಿಗೆ ತಲುಪುವ ಕೆಲವು ಗಂಟೆ ಏನೂ ಕೊಡದಿರುವುದೇ ಕ್ಷೇಮ.

ಬೇಕಾದದ್ದು ಕತ್ತಲೆ ಮತ್ತು ನಿಶ್ಶಬ್ದ. ರಟ್ಟಿನ ಪೆಟ್ಟಿಗೆಗೆ ಸಣ್ಣ ತೂತು ಮಾಡಿ, ತಳಕ್ಕೆ ಹಳೆಯ ಹತ್ತಿ ಬಟ್ಟೆ ಹಾಸಬೇಕು. ಹಕ್ಕಿಯ ಮೇಲೆ ಟವೆಲ್ ಹೊದಿಸಿ, ರೆಕ್ಕೆ ಮಡಚಿದಂತೆ ಎತ್ತಿ ಪೆಟ್ಟಿಗೆಗೆ ಇಟ್ಟು ಮುಚ್ಚಬೇಕು. ಹದ್ದು, ಗೂಬೆಗಳ ಕೊಕ್ಕಿಗಿಂತ ಉಗುರಿಗೆ ಹೆಚ್ಚು ಎಚ್ಚರಿಕೆ ಬೇಕು. ಮಾಂಸದೊಳಗೆ ಹೊಕ್ಕ ದಾರವನ್ನು ಎಳೆಯಬಾರದು; ಹೊರಗೆ ಜೋಲುವ ತುದಿಯನ್ನಷ್ಟೇ ಕತ್ತರಿಸಬೇಕು. ಆಗಾಗ ಮುಚ್ಚಳ ತೆಗೆದು ಮಕ್ಕಳಿಗೆ ತೋರಿಸುವುದು, ಫೋಟೊ ತೆಗೆಯುವುದು ಬೇಡ. ವಿದ್ಯುತ್ ತಂತಿಯಲ್ಲಿ ನೇತಾಡುವ ಹಕ್ಕಿಗೆ ಕೋಲು ಹಾಕಲೇಬಾರದು. 1912ಕ್ಕೆ ಕರೆ ಮಾಡಿದರೆ ವಿದ್ಯುತ್ ಸಿಬ್ಬಂದಿಗೆ ತಿಳಿಸಬಹುದು.

ಬಾವಲಿ, ಕೋತಿ, ನರಿ, ಮುಂಗುಸಿಗಳನ್ನು ಬರಿಗೈಯಿಂದ ಮುಟ್ಟಬಾರದು. ಹೆದರದೆ ಹತ್ತಿರ ಬರುವ ಕಾಡುಪ್ರಾಣಿಗೆ ರೇಬಿಸ್ ಇರಬಹುದು. ಕಚ್ಚಿದರೆ, ಪರಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಗಾಯ ಚಿಕ್ಕದೆಂದು ತಳ್ಳಿಹಾಕದೆ ಅಂದೇ ಆಸ್ಪತ್ರೆಗೆ ಹೋಗಬೇಕು. ಗಾಯಗೊಂಡ ಜಿಂಕೆಯ ಸುತ್ತ ಜನ ಗುಂಪುಗೂಡಿದರೆ ಅದು ಭಯದಿಂದಲೇ ಸಾಯಬಹುದು. ಜನರನ್ನು ದೂರ ಕಳುಹಿಸುವುದೇ ಅದಕ್ಕೆ ಮೊದಲ ಚಿಕಿತ್ಸೆ. ಹಾವಾದರೆ ದೂರದಿಂದ ಅದು ಹೋದ ದಿಕ್ಕನ್ನು ಗಮನಿಸಿದರೆ ಸಾಕು.

ನೆಲದ ಮೇಲಿರುವ ಪ್ರತಿ ಮರಿಯೂ ಅನಾಥವಲ್ಲ. ಪುಕ್ಕ ಮೂಡಿ ಕುಪ್ಪಳಿಸುವ ಮರಿ ಹಾರಲು ಕಲಿಯುತ್ತಿರುತ್ತದೆ, ತಾಯಿ ಹತ್ತಿರದಲ್ಲೇ ಇರುತ್ತದೆ. ಬೆಕ್ಕು, ನಾಯಿ ಓಡಾಡುವ ಜಾಗವಾದರೆ ಪಕ್ಕದ ಪೊದೆಯ ಮೇಲೆ ಇಡಬಹುದು. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಬಿಟ್ಟುಬಿಡುತ್ತದೆ ಎಂಬುದು ತಪ್ಪು ನಂಬಿಕೆ.

ರಾಜ್ಯದಲ್ಲಿ ಅರಣ್ಯ ಇಲಾಖೆಯ ಸಹಾಯವಾಣಿ 1926. ಬೆಂಗಳೂರಿನವರಿಗೆ ಕೆಂಗೇರಿಯ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆಯೂ ಇದೆ. ಗುಣವಾಗುವವರೆಗೆ ಮನೆಯಲ್ಲೇ ಸಾಕೋಣ ಎನ್ನುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದನ್ನು ಒಪ್ಪುವುದಿಲ್ಲ, ಗಿಳಿಗೂ ಇದೇ ನಿಯಮ. ಪೆಟ್ಟಿಗೆಯ ಮೇಲೆ ಜೀವಿ ಸಿಕ್ಕ ಜಾಗ ಮತ್ತು ಸಮಯವನ್ನು ಬರೆದುಕೊಡಬೇಕು. ಗುಣವಾದ ಮೇಲೆ ಅದನ್ನು ಅಲ್ಲಿಗೇ ಮರಳಿ ಬಿಡಲು ಈ ವಿವರ ಬೇಕಾಗುತ್ತದೆ.