ಜೀವ ಉಳಿಸಿದ ಚೀಟಿ: ಕ್ರಿ.ಶ. 250ರ ರೋಮ್ ಮತ್ತು ಕ್ರೈಸ್ತರು

ಇವತ್ತಿನ ಎಪಿಸೋಡ್ ಒಂದು ಹಳೇ ಅರ್ಜಿಯಿಂದ ಶುರು ಮಾಡೋಣ.

ಕ್ರಿ.ಶ. 250, ಜೂನ್ 26. ರೋಮನ್ನರ ಆಳ್ವಿಕೆಯ ಈಜಿಪ್ಟಿನ ಒಂದು ಹಳ್ಳಿ. ಅರ್ಜಿದಾರ ಡಯೋಜಿನಿಸ್ ಅನ್ನೋ ಅಜ್ಜ. ವಯಸ್ಸು 72, ಬಲ ಹುಬ್ಬಿನ ಮೇಲೆ ಗಾಯದ ಗುರುತು. ಪಪೈರಸ್ ಹಾಳೆಯಲ್ಲಿ ಬರೆಸಿರೋದರ ಸಾರಾಂಶ ಇಷ್ಟು: ನಾನು ಮೊದಲಿಂದಲೂ ದೇವರುಗಳಿಗೆ ಬಲಿ ಕೊಡ್ತಾ ಬಂದವನು. ಈಗ ಆಜ್ಞೆ ಪ್ರಕಾರ ನಿಮ್ಮೆದುರೇ ಬಲಿ ಕೊಟ್ಟೆ, ಪಾನನೈವೇದ್ಯ ಎರೆದೆ, ಬಲಿಯ ಮಾಂಸ ತಿಂದೆ. ದಯವಿಟ್ಟು ಸಹಿ ಹಾಕಿ ಕೊಡಿ.

ಹೆಸರು, ಊರು, ಮೈಮೇಲಿನ ಗುರುತು, ಘೋಷಣೆ, ಸಾಕ್ಷಿ, ತಾರೀಕು. ಬಿ.ಕಾಂ. ಓದಿದ ನನಗೆ ಇದು ತೀರಾ ಪರಿಚಯದ ಫಾರ್ಮ್ಯಾಟ್ ಅನ್ನಿಸ್ತು! ಲ್ಯಾಟಿನ್‌ನಲ್ಲಿ ಇದಕ್ಕೆ ಲಿಬೆಲ್ಲಸ್ ಅಂತಾರೆ, ಅಂದ್ರೆ ಚಿಕ್ಕ ಪತ್ರ. ಡಯೋಜಿನಿಸ್ ಅಜ್ಜನ ಪತ್ರ 1893ರಲ್ಲಿ ಮೊದಲು ಪ್ರಕಟವಾಯ್ತು. ಆಮೇಲೆ ಈಜಿಪ್ಟಿನ ಮರಳಲ್ಲಿ ಇಂಥವು 40ಕ್ಕೂ ಹೆಚ್ಚು ಸಿಕ್ಕಿವೆ.

ಕ್ರೈಸ್ತರ ಮೇಲಿನ ದಬ್ಬಾಳಿಕೆ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಸಿನಿಮಾದಲ್ಲಿ ನೋಡಿದ ಸಿಂಹಗಳು. ಆದರೆ ಮೊದಲ ಇನ್ನೂರು ವರ್ಷ ಹಿಂಸೆ ನಡೆದದ್ದು ಅಲ್ಲಲ್ಲಿ, ಆಗಾಗ. ಕ್ರಿ.ಶ. 64ರಲ್ಲಿ ರೋಮ್ ನಗರಕ್ಕೆ ಬೆಂಕಿ ಬಿದ್ದಾಗ ನೀರೋ ಆ ತಪ್ಪನ್ನ ಕ್ರೈಸ್ತರ ತಲೆಗೆ ಕಟ್ಟಿ ಕೊಲ್ಲಿಸಿದ. ಸುಮಾರು 112ರಲ್ಲಿ ಪ್ಲಿನಿ ಅನ್ನೋ ಗವರ್ನರ್ ಇವರನ್ನ ಏನು ಮಾಡಲಿ ಅಂತ ಕೇಳಿದಾಗ, ಟ್ರೇಜನ್ ಚಕ್ರವರ್ತಿ ಹೇಳಿದ್ದು: ಹುಡುಕಿಕೊಂಡು ಹೋಗಬೇಡ, ಯಾರಾದರೂ ದೂರು ಕೊಟ್ಟು ಸಾಬೀತಾದ್ರೆ ಮಾತ್ರ ಶಿಕ್ಷೆ ಕೊಡು.

249ರಲ್ಲಿ ಡೀಸಿಯಸ್ ಪಟ್ಟಕ್ಕೆ ಬಂದ. ಗಡಿಯಲ್ಲಿ ಗಾಥ್‌ರ ಕಾಟ, ನಾಣ್ಯದಲ್ಲಿ ಬೆಳ್ಳಿ ಕಮ್ಮಿ ಆಗ್ತಾ ಇತ್ತು. ಹಳೇ ದೇವರುಗಳು ಒಲಿದರೆ ಸಾಮ್ರಾಜ್ಯ ಸರಿಹೋಗುತ್ತೆ ಅನ್ನೋದು ಅವನ ನಂಬಿಕೆ. ಹಾಗಾಗಿ ಎಲ್ಲರೂ ಬಲಿ ಕೊಡಬೇಕು, ಕೊಟ್ಟಿದ್ದಕ್ಕೆ ಚೀಟಿ ಇರಬೇಕು ಅಂತ ಆಜ್ಞೆ ಹೊರಡಿಸಿದ. ಎಲ್ಲರೂ ಅಂದ್ರೆ ಹೆಚ್ಚುಕಮ್ಮಿ ಎಲ್ಲರೂ. ಸಿಕ್ಕಿರೋ ಚೀಟಿಗಳಲ್ಲಿ ಒಂದು ಮೊಸಳೆ ದೇವರ ಪೂಜಾರಿಣಿಯದ್ದು! ದೇವರ ಸೇವೆಯಲ್ಲೇ ಇದ್ದವಳೂ ಸಾಕ್ಷಿ ತೋರಿಸಬೇಕಾಯ್ತು.

ಅವಳಿಗೆ ಅದೇನೂ ಕಷ್ಟವಲ್ಲ. ಹತ್ತು ದೇವರಿಗೆ ಕೈ ಮುಗಿಯುವವರಿಗೆ ಹನ್ನೊಂದನೆಯದು ಹೊರೆಯಾಗಲ್ಲ. ಒಬ್ಬನೇ ದೇವರು ಅನ್ನೋ ಕ್ರೈಸ್ತರಿಗೆ ಮಾತ್ರ ಆ ಒಂದು ತುತ್ತು ಮಾಂಸ ಗಂಟಲಲ್ಲಿ ಇಳಿಯೋದಲ್ಲ. ರೋಮ್‌ನ ಬಿಷಪ್ ಫೇಬಿಯನ್ 250ರ ಜನವರಿಯಲ್ಲೇ ಪ್ರಾಣ ಕಳೆದುಕೊಂಡ. ಪಂಡಿತ ಆರಿಜೆನ್‌ಗೆ ಜೈಲಲ್ಲಿ ಚಿತ್ರಹಿಂಸೆ. ಉತ್ತರ ಆಫ್ರಿಕಾದ ಕಾರ್ಥೇಜ್‌ನ ಬಿಷಪ್ ಸಿಪ್ರಿಯನ್ ತಲೆಮರೆಸಿಕೊಂಡ.

ಆದರೆ ತುಂಬಾ ಜನ ಸೋತರು. ಕಾರ್ಥೇಜ್‌ನಲ್ಲಿ ಬಲಿ ಕೊಡೋಕೆ ಎಷ್ಟು ಜನ ಮುಗಿಬಿದ್ದರು ಅಂದ್ರೆ, ಹೊತ್ತು ಮುಳುಗ್ತು ನಾಳೆ ಬನ್ನಿ ಅಂತ ಅಧಿಕಾರಿಗಳು ವಾಪಸ್ ಕಳಿಸಿದರು, ಇವತ್ತೇ ಮುಗಿಸಿಬಿಡಿ ಅಂತ ಕೆಲವರು ಬೇಡಿಕೊಂಡರು ಅಂತ ಸಿಪ್ರಿಯನ್ನೇ ನೋವಿಂದ ಬರೆದಿದ್ದಾನೆ. ಇನ್ನು ಕೆಲವರು ಬಲಿ ಕೊಡದೆ, ಲಂಚ ಕೊಟ್ಟು ಚೀಟಿ ಮಾತ್ರ ತಗೊಂಡರು.

251ರಲ್ಲಿ ಡೀಸಿಯಸ್ ಗಾಥ್‌ರ ಜೊತೆಗಿನ ಯುದ್ಧದಲ್ಲಿ ಸತ್ತ. ಭಯ ಇಳಿಯಿತು. ಸೋತವರು ಚರ್ಚಿನ ಬಾಗಿಲಿಗೆ ವಾಪಸ್ ಬಂದು ನಿಂತರು. ಈಗೇನು ಮಾಡೋದು? ಅಣ್ಣನನ್ನ ಕಳಕೊಂಡವರು, ಜೈಲಲ್ಲಿ ಕೊಳೆತು ಬಂದವರು ಒಳಗೆ. ದುಡ್ಡು ಕೊಟ್ಟು ಜೀವ ಉಳಿಸಿಕೊಂಡವರು ಹೊರಗೆ.

ಇಲ್ಲೂ ಚೀಟಿ ಬಂತು ನೋಡಿ! ಹಿಂಸೆ ತಡೆದುಕೊಂಡವರ ಮಾತಿಗೆ ಭಾರೀ ಬೆಲೆ ಇತ್ತು. ಇವರನ್ನ ಸೇರಿಸಿಕೊಳ್ಳಿ ಅಂತ ಅವರು ಶಿಫಾರಸು ಪತ್ರ ಕೊಡೋಕೆ ಶುರು ಮಾಡಿದ್ದರು. ಕೆಲವದರಲ್ಲಿ ಇಂಥವನು ಮತ್ತು ಅವನ ಕಡೆಯವರು ಅಂತಷ್ಟೇ ಇರೋದು. ಎಷ್ಟು ಜನ ಅಂತ ಲೆಕ್ಕವೇ ಇಲ್ಲ, ಖಾಲಿ ಚೆಕ್ ಇದ್ದ ಹಾಗೆ. ಸಿಪ್ರಿಯನ್ ಇದನ್ನ ವಿರೋಧಿಸಿದ. ಅತ್ತ ರೋಮ್‌ನಲ್ಲಿ ನೊವೇಷಿಯನ್, ಬಿದ್ದವರಿಗೆ ಚರ್ಚು ಕ್ಷಮೆ ಕೊಡೋ ಹಾಗೇ ಇಲ್ಲ ಅಂತ ಬೇರೆ ಚರ್ಚೇ ಕಟ್ಟಿದ.

251ರಲ್ಲಿ ಕಾರ್ಥೇಜ್‌ನಲ್ಲಿ ಬಿಷಪ್‌ಗಳ ಸಭೆ ನಡುದಾರಿ ಹಿಡೀತು. ಚೀಟಿ ಕೊಂಡವರನ್ನ ಒಬ್ಬೊಬ್ಬರಾಗಿ ವಿಚಾರಿಸಿ, ಪಶ್ಚಾತ್ತಾಪ ನೋಡಿ ಸೇರಿಸೋದು. ಬಲಿ ಕೊಟ್ಟವರು ಪಶ್ಚಾತ್ತಾಪ ಪಡ್ತಾ ಕಾಯಬೇಕು, ಸಾಯೋ ಹೊತ್ತಲ್ಲಿ ಕ್ಷಮೆ.

ತೀರ್ಪು ಕೊಟ್ಟ ಸಿಪ್ರಿಯನ್ನೂ ಅವತ್ತು ಓಡಿಹೋಗಿದ್ದವನೇ. ಅದನ್ನ ಜನ ಮರೆತಿರಲಿಲ್ಲ. 258ರಲ್ಲಿ, ವಲೇರಿಯನ್ ಚಕ್ರವರ್ತಿಯ ಕಾಲದಲ್ಲಿ, ಅವನನ್ನೂ ಹಿಡಿದರು. ಈ ಸಲ ಓಡಲಿಲ್ಲ. ಬಲಿ ಕೊಡಲ್ಲ ಅಂದ. ಸೆಪ್ಟೆಂಬರ್ 14ರಂದು ತಲೆ ಕಡಿದರು.

ಡಯೋಜಿನಿಸ್ ಅಜ್ಜನ ಚೀಟಿಯಲ್ಲಿ ಹುಬ್ಬಿನ ಗಾಯಕ್ಕೂ ಒಂದು ಸಾಲಿದೆ, ಅವನ ಮನಸ್ಸಲ್ಲಿ ಏನಿತ್ತು ಅನ್ನೋದಕ್ಕೆ ಜಾಗವೇ ಇಲ್ಲ. ಡೀಸಿಯಸ್‌ಗೆ ಅದು ಬೇಕಾಗಿಯೂ ಇರಲಿಲ್ಲ. ಅವನಿಗೆ ಸಹಿ ಸಾಕಿತ್ತು. ಸಹಿ ತಗೊಂಡವರು ಮಾತ್ರ ಅದೇ ಊರಲ್ಲಿ, ಅದೇ ಅಕ್ಕಪಕ್ಕದವರ ಮುಖ ನೋಡ್ತಾ ಉಳಿದ ಬದುಕು ನಡೆಸಬೇಕಿತ್ತು.