ಕಿಲ್ನಿನಿಂದ ಹೊರಟ ಬಿಸಿ

ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ ಸೀಮೆಯ ಸಿಮೆಂಟಿನ ಚರಿತ್ರೆಯನ್ನು ಸಾಮಾನ್ಯವಾಗಿ ಸುಣ್ಣದ ಕಲ್ಲಿನಿಂದ, ರೈಲುಹಾದಿಯಿಂದ ಶುರು ಮಾಡುತ್ತಾರೆ. ನಿಜಾಮರ ಕಾಲದಲ್ಲೇ ಹುಟ್ಟಿದ ಶಹಾಬಾದ ಸಿಮೆಂಟ್ ಕಂಪನಿ 1936ರಲ್ಲಿ ಎಸಿಸಿ ಎಂಬ ಸಿಮೆಂಟ್ ಕಂಪನಿಯೊಳಗೆ ಸೇರಿತು. 1968ರಲ್ಲಿ ವಾಡಿಯ ಕಾರ್ಖಾನೆ ಬಂತು. ಆದರೆ ಕಲ್ಲೂ ರೈಲೂ ಮೊದಲಿನಿಂದ ಇದ್ದವು. ದೈತ್ಯ ಕಾರ್ಖಾನೆಗಳು ಬಂದದ್ದು 1980ರ ದಶಕದಿಂದೀಚೆಗೆ. ಆ ತಡವನ್ನು ಅರಿಯಲು ಚಿಮಣಿಯಿಂದ ಹೊರಟುಹೋಗುತ್ತಿದ್ದ ಬಿಸಿಯ ಲೆಕ್ಕ ಹಿಡಿಯಬೇಕು.

1960ರಲ್ಲಿ ಭಾರತದ ಸಿಮೆಂಟಿನಲ್ಲಿ ಶೇ. 94ರಷ್ಟು ಹಸಿ ವಿಧಾನದ್ದು. ಕಲ್ಲನ್ನು ನೀರು ಹಾಕಿ ಅರೆದು ಸ್ಲರಿ ಮಾಡುವುದು, ಅದರಲ್ಲಿನ ಮೂರನೇ ಒಂದು ಪಾಲು ನೀರನ್ನು ಕಿಲ್ನ್ ಎಂಬ ಸುಡುಗೂಡಿನಲ್ಲಿ ಆವಿಯಾಗಿಸಲು ಕಲ್ಲಿದ್ದಲು ಸುಡುವುದು. ಮಳೆ ಕೈಕೊಡುವ ಈ ಸೀಮೆಗೆ ಇದಕ್ಕಿಂತ ಒಗ್ಗದ ವಿಧಾನ ಇನ್ನೊಂದಿಲ್ಲ. ಅರೆದರೆ ಸಿಮೆಂಟಾಗುವ ಸುಟ್ಟ ಉಂಡೆ, ಅಂದರೆ ಕ್ಲಿಂಕರ್, ಕಿಲೋಗೆ 1,300 ಕಿಲೋಕ್ಯಾಲೊರಿಗೂ ಹೆಚ್ಚು ಖರ್ಚಾಗುತ್ತಿತ್ತು. ಒಣ ವಿಧಾನದ ಪ್ರೀಹೀಟರ್ ಗೋಪುರದಲ್ಲಿ ಕಲ್ಲಿನ ಪುಡಿ ಮೇಲಿನಿಂದ ಇಳಿಯುತ್ತದೆ, ಕಿಲ್ನಿನ ಸುಮಾರು 1,000 ಡಿಗ್ರಿಯ ಅನಿಲ ಕೆಳಗಿನಿಂದ ಏರುತ್ತದೆ. ಬಿಸಿ ಪುಡಿಗೆ ದಾಟುತ್ತದೆ. ಪುಡಿಯನ್ನು ಕಿಲ್ನಿಗೆ ಹೋಗುವ ಮೊದಲೇ ಸುಣ್ಣವಾಗಿಸುವ ಪ್ರೀಕ್ಯಾಲ್ಸಿನೇಟರ್ ಸೇರಿದರೆ ಖರ್ಚು 750ರ ಆಸುಪಾಸಿಗೆ ಇಳಿಯುತ್ತದೆ.

ಉಳಿತಾಯದಷ್ಟೇ ದೊಡ್ಡ ಮಾತು ಇನ್ನೊಂದಿದೆ. ಕಲ್ಲು ಸುಣ್ಣವಾಗುವ ಕೆಲಸದ ಹೆಚ್ಚಿನ ಪಾಲು ಗೋಪುರದಲ್ಲೇ ಮುಗಿದರೆ, ಅದೇ ಅಳತೆಯ ಕಿಲ್ನ್ ಸುಮಾರು ಎರಡರಷ್ಟು ಕ್ಲಿಂಕರ್ ಕೊಡುತ್ತದೆ. ಎಸಿಸಿ ಪ್ರೀಕ್ಯಾಲ್ಸಿನೇಟರನ್ನು ಭಾರತಕ್ಕೆ ತಂದದ್ದು 1978ರಲ್ಲಿ; ವರ್ಷಕ್ಕೆ ಹತ್ತು ಲಕ್ಷ ಟನ್ನಿನ ಅದರ ಮೊದಲ ಸ್ಥಾವರ ವಾಡಿಯಲ್ಲಿ ನಿಂತದ್ದು 1982ರಲ್ಲಿ; 2001ರಲ್ಲಿ ಅಲ್ಲೇ 26 ಲಕ್ಷ ಟನ್ನಿನದು. ಈ ಗಾತ್ರ ಬಿಸಿಯನ್ನು ಮರಳಿ ಹಿಡಿದದ್ದರ ಫಲ ಎಂಬುದು ನನ್ನ ವಾದ.

1982ರಲ್ಲಿ ಸಿಮೆಂಟಿನ ಬೆಲೆ ನಿಯಂತ್ರಣ ಸಡಿಲಿತು, ಬೆಳವಣಿಗೆಗೆ ಅದೇ ಕಾರಣ ಎನ್ನಬಹುದು. ಬಂಡವಾಳ ಬಂದದ್ದು ಅದರಿಂದಲೇ, ಒಪ್ಪುತ್ತೇನೆ. ಆದರೆ ಆ ಹಣ ಹಸಿ ಕಿಲ್ನಿನ ಮೇಲೆ ಬೀಳಲಿಲ್ಲ; 1973ರ ತೈಲ ಬಿಕ್ಕಟ್ಟಿನ ಬಳಿಕ ಇಂಧನದ ಲೆಕ್ಕ ಅದಕ್ಕೆ ಎಡೆಗೊಡಲಿಲ್ಲ. ಟನ್ನಿಗೆ ಉಳಿದ ಕಲ್ಲಿದ್ದಲನ್ನು ಹೆಚ್ಚಿದ ಟನ್ನುಗಳೇ ನುಂಗಿದವು ಎಂಬ ಆಕ್ಷೇಪ ಇನ್ನೂ ಗಟ್ಟಿ. ಅದನ್ನು ತಳ್ಳಿಹಾಕಲಾರೆ. ಸೀಮೆಯ ಒಟ್ಟು ಹೊಗೆ ಇಳಿಯಿತೆಂದು ಯಾರೂ ಹೇಳಲಾರರು. ಸಿಮೆಂಟಿನ ಇಂಗಾಲದ ಡೈಆಕ್ಸೈಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಕಲ್ಲಿನಿಂದಲೇ ಹೊರಡುತ್ತದೆ, ಎಷ್ಟು ಬಿಸಿ ಉಳಿಸಿದರೂ ಆ ಪಾಲು ಕರಗುವುದಿಲ್ಲ.